ಡೆಲ್ಲಿ ಕ್ರೈಮ್ 14 ವರ್ಷದವ್ರಿಗೆ ಆಗುತ್ತಾ?

ಅಕ್ಕ, ಮಗಳಿಗೆ 14, ಮಳೆ ರಜೇಲಿ ಡೆಲ್ಲಿ ಕ್ರೈಮ್ ಮೊದಲನೇ ಸೀಸನ್ ನೋಡ್ತೀನಿ ಅಂತ ಹಟ ಹಿಡಿದಿದಾಳೆ, ಬಿಡ್ಲಾ ಅಂತ ಕೇಳಿದೀರಲ್ಲ, ದಯವಿಟ್ಟು ಈಗ್ಲೇ ಬೇಡ. ಅದು 2012ರ ಡಿಸೆಂಬರಲ್ಲಿ ದೆಹಲಿ ಬಸ್ಸಲ್ಲಿ ನಡೆದ ಗ್ಯಾಂಗ್‌ರೇಪ್ ಕೇಸಿನ ತನಿಖೆ, 7 ಎಪಿಸೋಡು. ಕೃತ್ಯಾನ ತೆರೆ ಮೇಲೆ ತೋರ್ಸಲ್ಲ ನಿಜ, ಆದ್ರೆ ಆಸ್ಪತ್ರೇಲಿ ಗಾಯದ ವಿಷ್ಯ ಹೇಳೋದು, ಆಮೇಲೆ ಆರೋಪಿಯೊಬ್ಬ ಪಶ್ಚಾತ್ತಾಪಾನೇ ಇಲ್ದೆ ಮಾತಾಡೋದು ಕೇಳಿ ನಂಗೇ ನಿದ್ದೆ ಬರ್ಲಿಲ್ಲ, ಇಲ್ಲಿ ಮಡಿಕೇರೀಲಿ ಆವತ್ತು ಕರೆಂಟ್ ಬೇರೆ ಇರ್ಲಿಲ್ಲ. ಪಿಯುಸಿ ಮುಗೀಲಿ, ಆಮೇಲೆ ಪಕ್ಕದಲ್ಲೇ ಕೂತು ತೋರ್ಸಿ, ಶೆಫಾಲಿ ಶಾ ಮಾಡಿರೋ ಡಿಸಿಪಿ ಪಾತ್ರ ಹೆಣ್ಮಕ್ಕಳು ನೋಡ್ಲೇಬೇಕಾದ್ದು. ಸದ್ಯಕ್ಕೆ ನೆಟ್‌ಫ್ಲಿಕ್ಸಲ್ಲಿ ಅವಳ ಪ್ರೊಫೈಲಿಗೆ ವಯಸ್ಸಿನ ಮಿತಿ ಹಾಕಿ, ನಿಮ್ಮದಕ್ಕೂ ಪಿನ್ ಇಡಿ, ಇಲ್ಲಾಂದ್ರೆ ಅದ್ರಲ್ಲೇ ಹೋಗಿ ನೋಡ್ತಾಳೆ.