ಬೆಲ್‌ಫೋರ್ ಮರಳಿ ಅಲ್ಸಾಸಿಗೆ ಸೇರಲಿಲ್ಲವೇಕೆ?

ಪ್ರಶ್ನೆ: ಫ್ರಾನ್ಸಿನ ಪೂರ್ವದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ತಾಗಿಕೊಂಡು ಬೆಲ್‌ಫೋರ್ ಎಂಬ ಪುಟ್ಟ ಜಿಲ್ಲೆಯಿದೆ. ಅದು ಹಿಂದೆ ಅಲ್ಸಾಸಿನ ಭಾಗವಾಗಿತ್ತೆಂದು ಓದಿದ್ದೇನೆ. ಮೊದಲ ಮಹಾಯುದ್ಧದ ಬಳಿಕ ಅಲ್ಸಾಸ್ ಫ್ರಾನ್ಸಿಗೆ ಮರಳಿದರೂ ಬೆಲ್‌ಫೋರನ್ನು ಅದರೊಂದಿಗೆ ಮತ್ತೆ ಕೂಡಿಸಲಿಲ್ಲವೇಕೆ? ಇದು ನಮ್ಮ ಕಾಸರಗೋಡಿನ ಕಥೆಯನ್ನು ಹೋಲುತ್ತದೆಯೇ?
— ಓದುಗರೊಬ್ಬರು, ಉಡುಪಿ

ಉತ್ತರ: ಹೋಲಿಕೆ ಅರ್ಧದಷ್ಟು ಸರಿ. ಕಾಸರಗೋಡು ತಾಲೂಕು 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಹೋಯಿತು. 1984ರಲ್ಲಿ ಪ್ರತ್ಯೇಕ ಜಿಲ್ಲೆಯೂ ಆಯಿತು. ಬೆಲ್‌ಫೋರಿನಲ್ಲಿ ನಡೆದದ್ದು ಇದಕ್ಕೆ ತಿರುವುಮುರುವು. ಅಲ್ಲಿ ತಾಯಿ ಜಿಲ್ಲೆಯೇ ಪರದೇಶದ ಪಾಲಾಗಿ, ಅದರ ಒಂದು ತುಂಡು ಮಾತ್ರ ಸ್ವದೇಶದಲ್ಲಿ ಉಳಿಯಿತು.

1648ರ ವೆಸ್ಟ್‌ಫಾಲಿಯಾ ಒಪ್ಪಂದದಿಂದ ಫ್ರೆಂಚರ ಕೈಸೇರಿದ ಬೆಲ್‌ಫೋರ್, 1790ರಲ್ಲಿ ದೇಶವನ್ನು ಜಿಲ್ಲೆಗಳಾಗಿ ವಿಂಗಡಿಸಿದಾಗ ಅಲ್ಸಾಸಿನ ಕೊಲ್ಮಾರ್ ಕೇಂದ್ರವಾಗಿದ್ದ ಮೇಲ್-ರೈನ್ ಜಿಲ್ಲೆಗೆ ಸೇರಿತು. ಮುಂದೆ ಅದು ಆ ಜಿಲ್ಲೆಯ ಒಂದು ಉಪವಿಭಾಗವಾಯಿತು. ಜಿಲ್ಲೆಯ ಉಳಿದ ಕಡೆ ಜನರ ಆಡುಮಾತು ಜರ್ಮನ್ ಮೂಲದ್ದು. ಬೆಲ್‌ಫೋರಿನ ಸುತ್ತ ಬಹುಪಾಲು ಫ್ರೆಂಚ್ ಮೂಲದ್ದು. ಆದರೆ ಅದರ ಹಣೆಬರಹವನ್ನು ನಿರ್ಧರಿಸಿದ್ದು ಭಾಷೆಗಿಂತ ಹೆಚ್ಚಾಗಿ ಭೂಗೋಳ ಎಂದೇ ನನ್ನ ಅಭಿಪ್ರಾಯ. ವೋಜ್ ಮತ್ತು ಜೂರಾ ಪರ್ವತಗಳ ನಡುವೆ ಸೈನ್ಯವೊಂದು ಸಲೀಸಾಗಿ ಸಾಗಬಹುದಾದ ತಗ್ಗುದಾರಿಯನ್ನು ಬೆಲ್‌ಫೋರಿನ ಕೋಟೆ ಕಾಯುತ್ತಿತ್ತು.

ಫ್ರಾನ್ಸ್-ಪ್ರಶ್ಯಾ ಯುದ್ಧದ ವೇಳೆ, 1870ರ ನವೆಂಬರ್ 3ರಂದು, ಜರ್ಮನ್ ಪಡೆಗಳು ಆ ಕೋಟೆಗೆ ಮುತ್ತಿಗೆ ಹಾಕಿದವು. ಕರ್ನಲ್ ದಾಂಫೇರ್-ರೋಶರೋ 103 ದಿನಗಳ ಕಾಲ ಅದನ್ನು ಬಿಟ್ಟುಕೊಡಲಿಲ್ಲ. ಜನವರಿ ಕೊನೆಯ ಕದನವಿರಾಮ ಬೆಲ್‌ಫೋರಿಗೆ ಅನ್ವಯಿಸದೆ ಅಲ್ಲಿ ಗುಂಡಿನ ದಾಳಿ ಮುಂದುವರಿದಿತ್ತು. ಕೊನೆಗೆ ತಮ್ಮದೇ ಸರ್ಕಾರದ ಆದೇಶ ಬಂದ ಮೇಲೆ, 1871ರ ಫೆಬ್ರವರಿ 18ರಂದು, ಪಡೆ ಆಯುಧಸಮೇತ ಗೌರವದಿಂದ ಹೊರನಡೆಯಿತು. ಯುದ್ಧದಲ್ಲಿ ಸೋತ ಫ್ರಾನ್ಸ್ ಅಲ್ಸಾಸನ್ನು ಜರ್ಮನಿಗೆ ಒಪ್ಪಿಸಬೇಕಾಯಿತು. ಆದರೆ ಸಂಧಾನದಲ್ಲಿ ಫ್ರೆಂಚ್ ಸರ್ಕಾರದ ಮುಖ್ಯಸ್ಥ ತಿಯೇರ್ ಬೆಲ್‌ಫೋರಿಗಾಗಿ ಪಟ್ಟುಹಿಡಿದರು. ಜರ್ಮನ್ ಸೈನ್ಯ ಪ್ಯಾರಿಸ್ಸನ್ನು ಪ್ರವೇಶಿಸಲು ಒಪ್ಪಿಕೊಂಡು ಆ ಬೆಲೆಗೆ ಅವರು ಊರನ್ನು ಉಳಿಸಿಕೊಂಡರು. ಕೋಟೆಯ ಸುತ್ತಲಿನ ಹಳ್ಳಿಗಳನ್ನು ಹೆಚ್ಚಿಗೆ ಪಡೆಯುವ ಸಲುವಾಗಿ ಲಕ್ಸೆಂಬರ್ಗ್ ಗಡಿಯ ಕಬ್ಬಿಣದ ಅದಿರಿನ ನೆಲವನ್ನೂ ಬಿಟ್ಟುಕೊಡಲಾಯಿತು.

ಹೀಗೆ ಉಳಿದ ಸುಮಾರು 610 ಚದರ ಕಿಲೋಮೀಟರ್ ನೆಲವನ್ನು ಏನೆಂದು ಕರೆಯುವುದು? ಜಿಲ್ಲೆಯೆಂದು ಘೋಷಿಸಿದರೆ ಅಲ್ಸಾಸಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತಿತ್ತು. ಆದ್ದರಿಂದ ಜಿಲ್ಲಾಧಿಕಾರಿಯ ಬದಲು ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿ, ಅದನ್ನು ತಾತ್ಕಾಲಿಕ ಪ್ರದೇಶವಾಗಿಯೇ ಇರಿಸಿಕೊಳ್ಳಲಾಯಿತು. ಪ್ಯಾರಿಸ್ಸಿನಿಂದ ಅಲ್ಸಾಸಿನ ಮ್ಯೂಲೂಸಿಗೆ ಹೋಗುವ ರೈಲುಮಾರ್ಗದಲ್ಲಿ ಪೆತಿ-ಕ್ರುವಾ ಎಂಬ ಹಳ್ಳಿ ಗಡಿ ನಿಲ್ದಾಣವಾಗಿ, ನಿನ್ನೆಯವರೆಗೆ ಒಂದೇ ಜಿಲ್ಲೆಯಾಗಿದ್ದ ಊರುಗಳ ನಡುವೆ ಸುಂಕದ ಕಟ್ಟೆ ಎದ್ದಿತು. ಜರ್ಮನ್ ಆಳ್ವಿಕೆ ಒಲ್ಲದ ಅಲ್ಸಾಸಿಗರು ಬೆಲ್‌ಫೋರಿಗೆ ವಲಸೆ ಬಂದರು. ಮ್ಯೂಲೂಸಿನ ಯಂತ್ರನಿರ್ಮಾಣ ಕಂಪನಿ 1879ರಲ್ಲಿ ಇಲ್ಲಿ ರೈಲು ಎಂಜಿನ್ ಕಾರ್ಖಾನೆ ತೆರೆದು, ಕೋಟೆಯೂರನ್ನು ಕೈಗಾರಿಕಾ ಪಟ್ಟಣವನ್ನಾಗಿ ಮಾಡಿತು. ಅಲ್ಸಾಸಿನವರೇ ಆದ ಶಿಲ್ಪಿ ಬಾರ್ತೊಲ್ಡಿ ಮುತ್ತಿಗೆಯ ನೆನಪಿಗಾಗಿ ಕೋಟೆಯ ಬಂಡೆಗೆ ಒರಗಿಸಿ ನಿರ್ಮಿಸಿದ, 22 ಮೀಟರ್ ಉದ್ದದ ಕೆಂಪುಗಲ್ಲಿನ ಸಿಂಹ 1880ರಲ್ಲಿ ಪೂರ್ಣಗೊಂಡಿತು.

1918ರ ಹೊತ್ತಿಗೆ ಎರಡು ಕಡೆಯ ಬದುಕು ಬೇರೆಯಾಗಿಬಿಟ್ಟಿತ್ತು. ಮತಸಂಸ್ಥೆಗಳನ್ನು ಸರ್ಕಾರದಿಂದ ಬೇರ್ಪಡಿಸಿದ 1905ರ ಫ್ರೆಂಚ್ ಕಾನೂನು ಬೆಲ್‌ಫೋರಿಗೆ ಅನ್ವಯಿಸಿತ್ತು. ಜರ್ಮನಿಯಲ್ಲಿದ್ದ ಅಲ್ಸಾಸಿನಲ್ಲಿ ಅದು ಜಾರಿಯಾಗಲೇ ಇಲ್ಲ. ಆರೋಗ್ಯ ವಿಮೆಯಂತಹ ಜರ್ಮನ್ ಕಾನೂನುಗಳು ಅಲ್ಸಾಸಿನಲ್ಲಿ ಬೇರೂರಿದ್ದವು, ಅವನ್ನು ಬಿಟ್ಟುಕೊಡಲು ಅಲ್ಲಿನವರಿಗೆ ಮನಸ್ಸಿರಲಿಲ್ಲ. ಇತ್ತ ಬೆಲ್‌ಫೋರಿನ ಜನಪ್ರತಿನಿಧಿಗಳಿಗೂ ಕೊಲ್ಮಾರಿನ ಕೆಳಗಿನ ಉಪವಿಭಾಗವಾಗಿ ಮರಳುವುದು ಬೇಕಿರಲಿಲ್ಲ. ಅವರ ಹಟವನ್ನು ಸ್ವಾರ್ಥವೆನ್ನಲಾಗದು. ಒಂದು ತಲೆಮಾರು ಕಚೇರಿ, ಕಾರ್ಖಾನೆಗಳನ್ನು ತನ್ನದೆಂದು ಕಟ್ಟಿಕೊಂಡ ಮೇಲೆ ಹಳೆಯ ನಕ್ಷೆಯ ಗೆರೆಯನ್ನು ತಂದು ಹೇರುವುದು ನ್ಯಾಯವಾಗುತ್ತಿರಲಿಲ್ಲ. ಹೀಗಾಗಿ 1922ರಲ್ಲಿ ಬೆಲ್‌ಫೋರ್ ಪೂರ್ಣ ಜಿಲ್ಲೆಯಾಯಿತು. ಅಕ್ಷರಾನುಕ್ರಮದಲ್ಲಿ ಸಂಖ್ಯೆ ಪಡೆದ ಫ್ರೆಂಚ್ ಜಿಲ್ಲೆಗಳ ಪಟ್ಟಿಯಲ್ಲಿ 89ನೆಯದಾದ ಯೋನ್ ಮುಗಿದ ಬಳಿಕ ಇದು 90 ಎಂದು ನಿಂತಿದೆ.

ಆ ಗೆರೆ ಇಂದಿಗೂ ಅಳಿಸಿಲ್ಲ. ಗುಡ್ ಫ್ರೈಡೆ ಬಹುತೇಕ ಅಲ್ಸಾಸಿಗರಿಗೆ ರಜೆ, ಪಕ್ಕದ ಬೆಲ್‌ಫೋರಿನವರಿಗೆ ಕೆಲಸದ ದಿನ. 2016ರಿಂದ ಬೆಲ್‌ಫೋರ್ ಇರುವುದು ಬುರ್ಗೋನ್-ಫ್ರಾಂಶ್-ಕೋಂತೆ ಪ್ರಾಂತ್ಯದಲ್ಲಿ. 2021ರಲ್ಲಿ ಅಲ್ಸಾಸಿನ ಮೇಲ್-ರೈನ್ ಮತ್ತು ಕೆಳ-ರೈನ್ ಜಿಲ್ಲೆಗಳ ಆಡಳಿತ ಮಂಡಳಿಗಳು ಒಂದುಗೂಡಿ ಅಲ್ಸಾಸ್ ಎಂಬ ಹೆಸರನ್ನು ಮರಳಿ ಪಡೆದಾಗಲೂ ಬೆಲ್‌ಫೋರ್ ಅದರಲ್ಲಿ ಸೇರಲಿಲ್ಲ.