ಥೈರಾಯ್ಡ್ ಕಡಿಮೆ ಎಂದರೆ ವರದಿಯಲ್ಲೇಕೆ ಎಲ್ಲವೂ ಹೆಚ್ಚು?

ಪ್ರಶ್ನೆ: ನನಗೆ 36 ವರ್ಷ. ಆರು ತಿಂಗಳಿಂದ ವಿಪರೀತ ಸುಸ್ತು, ಮಲಬದ್ಧತೆ. ಮುಟ್ಟು ಹಿಂದುಮುಂದಾಗುತ್ತಿದೆ, ತೂಕ 4 ಕಿಲೋ ಏರಿದೆ. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 18, ಫ್ರೀ ಟಿ4 ಕಡಿಮೆ, ಟಿ3 ಮಾತ್ರ ಸರಿಯಿದೆ. ಪ್ರೊಲ್ಯಾಕ್ಟಿನ್ ಸ್ವಲ್ಪ ಹೆಚ್ಚು, ಕೊಲೆಸ್ಟರಾಲ್ 248. ಥೈರಾಯ್ಡ್ ಕಡಿಮೆ ಎನ್ನುತ್ತಾರೆ, ವರದಿ ನೋಡಿದರೆ ಎಲ್ಲವೂ ಜಾಸ್ತಿ! ಒಂದೊಂದಕ್ಕೂ ಬೇರೆ ಮಾತ್ರೆ ಬೇಕೇ?
– ಹೆಸರು ಬೇಡ, ಹಾಸನ

ಉತ್ತರ: ಬಹಳ ಮಂದಿ ಎಡವುವುದು ಇಲ್ಲೇ. ಟಿಎಸ್‌ಎಚ್ ಥೈರಾಯ್ಡ್ ತಯಾರಿಸುವ ಹಾರ್ಮೋನಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡ್‌ಗೆ ಕಳುಹಿಸುವ ತಾಕೀತು ಅದು. ಕೆಲಸ ಸಾಗದಿದ್ದಷ್ಟೂ ತಾಕೀತು ಜೋರಾಗುತ್ತದೆ. ಥೈರಾಯ್ಡ್ ತಯಾರಿಸುವ ಟಿ4 ಹಾರ್ಮೋನು ಅರ್ಧಕ್ಕಿಳಿದರೆ ಟಿಎಸ್‌ಎಚ್ ಹತ್ತಾರು ಪಟ್ಟು ಏರಬಹುದು. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 0.4ರಿಂದ 4ರೊಳಗೆ ಇರುತ್ತದೆ.

ಟಿ3 ಸರಿಯಿದೆ ಎಂದು ಸಮಾಧಾನಪಡಬೇಡಿ. ಥೈರಾಯ್ಡ್ ಹೆಚ್ಚಾಗಿ ತಯಾರಿಸುವುದು ಟಿ4 ಅನ್ನು. ಅದರ ನಾಲ್ಕು ಅಯೋಡಿನ್ ಪರಮಾಣುಗಳಲ್ಲಿ ಒಂದನ್ನು ಯಕೃತ್ತು, ಮೂತ್ರಪಿಂಡ ಮುಂತಾದ ಅಂಗಗಳು ಕಳಚಿದಾಗ ಟಿ3 ಆಗುತ್ತದೆ. ಜೀವಕೋಶದೊಳಗೆ ನಿಜವಾಗಿ ದುಡಿಯುವುದು ಇದೇ. ಕೊರತೆ ಬಂದಾಗ ದೇಹವು ಇರುವಷ್ಟು ಟಿ4 ಅನ್ನೇ ಹೆಚ್ಚು ಮುತುವರ್ಜಿಯಿಂದ ಟಿ3 ಮಾಡಿಕೊಂಡು ದಿನ ದೂಡುತ್ತದೆ. ಹಾಗಾಗಿ ರಕ್ತದಲ್ಲಿ ಟಿ3 ಕುಸಿಯುವುದು ಕಟ್ಟಕಡೆಗೆ.

ಇನ್ನು ಪ್ರೊಲ್ಯಾಕ್ಟಿನ್, ಅಂದರೆ ಎದೆಹಾಲು ತರಿಸುವ ಪಿಟ್ಯುಟರಿ ಹಾರ್ಮೋನು. ಪಿಟ್ಯುಟರಿಗೂ ಮೇಲೊಬ್ಬ ಯಜಮಾನನಿದ್ದಾನೆ, ಹೈಪೊಥಲಾಮಸ್. ಥೈರಾಯ್ಡ್ ಸೋತಾಗ ಅದು ಟಿಆರ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಟಿಎಸ್‌ಎಚ್‌ಗೆಂದು ಹೊರಟ ಈ ಅಪ್ಪಣೆಗೆ ಪಕ್ಕದ ಪ್ರೊಲ್ಯಾಕ್ಟಿನ್ ಕೋಶಗಳೂ ಓಗೊಡುತ್ತವೆ. ಮುಟ್ಟಿನ ಏರುಪೇರಿಗೆ ಇದೂ ಒಂದು ಕಾರಣ. ಗರ್ಭ ನಿಂತಾಗಲೂ ಮುಟ್ಟು ತಪ್ಪಿ ಪ್ರೊಲ್ಯಾಕ್ಟಿನ್ ಏರುವುದರಿಂದ ಮೊದಲು ಆ ಪರೀಕ್ಷೆ ಮಾಡಿಸಿ. ಗರ್ಭಿಣಿಯಾಗಿದ್ದರೆ ಥೈರಾಯ್ಡ್ ಚಿಕಿತ್ಸೆ ಒಂದು ವಾರವೂ ತಡವಾಗಬಾರದು.

ಕೊಲೆಸ್ಟರಾಲ್ ಹಾರ್ಮೋನಲ್ಲದಿದ್ದರೂ ಕಥೆ ಅದೇ. ರಕ್ತದಿಂದ ಕೆಟ್ಟ ಕೊಲೆಸ್ಟರಾಲನ್ನು ಎಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನಲ್ಲಿ ಕಡಿಮೆಯಾಗುತ್ತವೆ. ಇನ್ಸುಲಿನ್‌ಗೆ ಸ್ನಾಯುಗಳ ಸ್ಪಂದನವೂ ಮಂದವಾಗಬಹುದು. ತೂಕದ ವಿಷಯದಲ್ಲಿ ಮಾತ್ರ ಥೈರಾಯ್ಡ್ ಮೇಲೆ ಇಲ್ಲದ ಅಪವಾದವೂ ಸೇರಿಕೊಂಡಿದೆ: ಏರಿದ ತೂಕದಲ್ಲಿ ಬಹುಪಾಲು ದೇಹದಲ್ಲಿ ನಿಂತ ಉಪ್ಪು, ನೀರು. ಹದಿನೈದು ಕಿಲೋ ಏರಿಸುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇಲ್ಲ.

ಆದ್ದರಿಂದ ಸದ್ಯಕ್ಕೆ ಥೈರಾಕ್ಸಿನ್, ಅಂದರೆ ಟಿ4 ಮಾತ್ರೆ ಒಂದೇ ಸಾಕಾಗಬಹುದು. ಪ್ರಮಾಣವನ್ನು ನಿಮ್ಮ ವೈದ್ಯರು ತೂಕ ನೋಡಿ ನಿರ್ಧರಿಸುತ್ತಾರೆ. ನಿಮಗೆ ಮಧುಮೇಹ, ಹೃದ್ರೋಗ ಇಲ್ಲದಿದ್ದರೆ ಟಿಎಸ್‌ಎಚ್ ಹದಕ್ಕೆ ಬಂದ ಮೇಲೆ ಕೊಲೆಸ್ಟರಾಲ್, ಪ್ರೊಲ್ಯಾಕ್ಟಿನ್ ಎರಡನ್ನೂ ಮತ್ತೆ ಅಳೆಯಿಸಿ. ಆಗಲೂ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಮಾತ್ರೆ ಆರಂಭಿಸಿದ ಎರಡೇ ವಾರಕ್ಕೆ ಲ್ಯಾಬಿಗೆ ಓಡಬೇಡಿ. ರಕ್ತದಲ್ಲಿನ ಟಿ4 ಅರ್ಧವಾಗಲು ಸುಮಾರು ಒಂದು ವಾರ ಬೇಕು, ಮಟ್ಟ ಸ್ಥಿರವಾಗಲು 6ರಿಂದ 8 ವಾರ.

ಹಾಸನದವರಿಗೆ ಹೇಳುವುದು ಕಷ್ಟ, ಆದರೂ ಹೇಳುತ್ತೇನೆ: ಎದ್ದ ಕೂಡಲೇ ಮಾತ್ರೆಯನ್ನು ಬರೀ ನೀರಿನಲ್ಲಿ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಿರಿ. ಕಾಫಿ ಅದರ ಹೀರಿಕೆಯನ್ನು ತಗ್ಗಿಸುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ 4 ಗಂಟೆ ಅಂತರವಿರಲಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ, ಅದು ಟಿಎಸ್‌ಎಚ್ ಅಂಕಿಯನ್ನೇ ತಪ್ಪಾಗಿ ತೋರಿಸಬಹುದು.