ಪುಣೆಯಿಂದ ಎರಡು ದಿನದ ಹರಿಶ್ಚಂದ್ರಗಡ ಚಾರಣಕ್ಕೆ ಹಗುರವಾದ, ಪೌಷ್ಟಿಕವಾದ ಬುತ್ತಿ ಯಾವುದು?

ಬುತ್ತಿಯ ಭಾರ ಹೆಚ್ಚಿಸುವುದು ಆಹಾರದೊಳಗಿನ ನೀರು. ಚಪಾತಿ, ಪಲ್ಯ, ಹಣ್ಣುಗಳನ್ನು ಮೊದಲ ದಿನ ಮಧ್ಯಾಹ್ನದೊಳಗೆ ಮುಗಿಸಿಬಿಡಿ. ಆಮೇಲೆ ಒಣ ತಿನಿಸೇ ಸರಿ.

ಒಂದು ಗ್ರಾಂ ಕೊಬ್ಬಿನಲ್ಲಿ 9 ಕಿಲೊ ಕ್ಯಾಲೊರಿ ಇದ್ದರೆ ಪಿಷ್ಟ, ಪ್ರೋಟೀನುಗಳಲ್ಲಿ 4 ಮಾತ್ರ. ಅದಕ್ಕೇ ನಾನು ಶೇಂಗಾ ಪಕ್ಷಪಾತಿ: 100 ಗ್ರಾಂನಲ್ಲಿ ಸುಮಾರು 560 ಕಿಲೊ ಕ್ಯಾಲೊರಿ, 25 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಜೊತೆಗೊಂದು ಚಿಕ್ಕ ಡಬ್ಬಿ ತುಪ್ಪ ಇದ್ದರೆ ಒಂದು ಹೊತ್ತಿನ ಪೂರ್ಣ ಊಟವಾಯಿತು. ರೊಟ್ಟಿ ಮನೆಯಲ್ಲಿಲ್ಲದಿದ್ದರೆ ಪುಣೆಯ ಅಂಗಡಿಗಳಲ್ಲಿ ಸೊಲ್ಲಾಪುರದ ಕಡಕ್ ಭಾಕರಿ ಸಿಗುತ್ತದೆ. ಪುಡಿಯಾಗದಂತೆ ಡಬ್ಬಿಯಲ್ಲೇ ಇಡಿ.

ಏರುವಾಗ ಹೊಟ್ಟೆ ಬಿರಿಯ ಉಣ್ಣಬೇಡಿ. ಹುರಿಗಡಲೆ, ಬೆಲ್ಲ, ಖರ್ಜೂರಗಳನ್ನು ಜೇಬಿನಲ್ಲಿಟ್ಟುಕೊಂಡು ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆರಸ ಬೆರೆಸಿಕೊಳ್ಳಿ.

ರಾತ್ರಿಗೆ ಹುರಿದ ಅಕ್ಕಿ, ಹೆಸರುಬೇಳೆಯ ಖಿಚಡಿ ಒಳ್ಳೆಯದು. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕವನ್ನು ಬೇಳೆ ತುಂಬುತ್ತದೆ. ಒಲೆ ಹೊರುವುದು ಬೇಡವೆಂದರೆ, ಗಡದ ಮೇಲೆ ಹಳ್ಳಿಯವರು ಪಿಠ್ಲ (ಕಡಲೆಹಿಟ್ಟಿನ ಗಟ್ಟಿ ಸಾರು), ಭಾಕರಿ ಮಾಡಿಕೊಡುತ್ತಾರೆ. ಹೊರಡುವ ಮೊದಲು ವಿಚಾರಿಸಿಕೊಳ್ಳಿ.